ವರ್ಜೀನಿಯ ವುಲ್ಫಳ ಕೃತಿಗಳಲ್ಲಿ ಸ್ತ್ರೀಪ್ರೇಮ

ವುಲ್ಫಳೂ ಸೇರಿದ್ದ ಬ್ಲೂಮ್ಸ್‌ಬರಿ ಗೆಳೆಯರ ಬಳಗದ ಸಾಹಿತ್ಯವನ್ನು ತೂಗಿ ನೋಡುವವರು ಅದರ ಬುದ್ಧಿಸ್ವಾತಂತ್ರ್ಯವನ್ನು ಬಹುವಾಗಿ ಕೊಂಡಾಡುವರು. ಆದರೆ ಆ ಸ್ವಾತಂತ್ರ್ಯ ಗೆಳೆಯರ ಸಂಭಾಷಣೆಯಲ್ಲಿ ಇದ್ದಷ್ಟು ಅಚ್ಚಿನ ಪುಟದಲ್ಲಿ ಇರಲಿಲ್ಲ. ಪುರುಷರಿಬ್ಬರ ಪ್ರೇಮವನ್ನು ವಸ್ತುವಾಗಿಸಿ ಇ. ಎಂ. ಫಾರ್ಸ್ಟರ್ 1913–14ರಲ್ಲಿ ಬರೆದ ‘ಮಾರಿಸ್’ ಕಾದಂಬರಿ ಬೆಳಕು ಕಂಡುದು ಆತನ ಮರಣಾನಂತರ, 1971ರಲ್ಲಿ. ಸ್ತ್ರೀಯರ ಮೇಲಿದ್ದ ನಿರ್ಬಂಧವಾದರೋ ಬೇರೆ ಬಗೆಯದು. ಪುರುಷರ ಸಲಿಂಗಪ್ರೇಮವನ್ನು ಅಪರಾಧವೆಂದೆಣಿಸಿದ್ದ ಇಂಗ್ಲೆಂಡಿನ ಕಾನೂನಿನಲ್ಲಿ ಸ್ತ್ರೀಯರ ಪ್ರೇಮದ ಪ್ರಸ್ತಾಪವೇ ಇರಲಿಲ್ಲ; 1921ರಲ್ಲಿ ಅದನ್ನೂ ಸೇರಿಸಲು ಕಾಮನ್ಸ್ ಸಭೆ ಒಪ್ಪಿದಾಗ, ಹಾಗೆ ಹೆಸರಿಸಿದರೆ ಅರಿಯದ ಹೆಂಗಸರಿಗೂ ಅದರ ಅರಿವುಂಟಾದೀತೆಂಬ ಭಯದಿಂದ ಲಾರ್ಡ್ಸ್ ಸಭೆ ಆ ಸೂಚನೆಯನ್ನು ತಳ್ಳಿಹಾಕಿತು. ದಂಡನೆಗಿಂತ ಮೌನವನ್ನೇ ಹೆಚ್ಚಾಗಿ ನಂಬಿದ ಇಂಥ ಸಮಾಜದಲ್ಲಿ ತನ್ನ ಅಂತರಂಗದ ಅನುಭವವನ್ನು ಯಾವ ರೂಪದಲ್ಲಿ ನುಡಿಯಬಹುದೆಂಬುದು ವುಲ್ಫಳ ಕಲೆಯ ಮೂಲಪ್ರಶ್ನೆಗಳಲ್ಲೊಂದಾಯಿತು.

ಕವಯಿತ್ರಿ ವೀಟಾ ಸ್ಯಾಕ್‌ವಿಲ್-ವೆಸ್ಟಳನ್ನು ಆಕೆ ಮೊದಲು ಕಂಡುದು 1922ರ ಡಿಸೆಂಬರಿನಲ್ಲಿ. ಸ್ನೇಹ ಪ್ರೇಮವಾಗಿ ಪರಿಣಮಿಸಿದುದು 1925ರ ಕೊನೆಗೆ. ಅಷ್ಟರೊಳಗೇ ವುಲ್ಫಳ ‘ಮಿಸೆಸ್ ಡಾಲೊವೆ’ ಕಾದಂಬರಿ ಪ್ರಕಟವಾಗಿತ್ತೆಂಬುದನ್ನು, ಎಲ್ಲವನ್ನೂ ವೀಟಾಳಿಗೇ ಸಲ್ಲಿಸುವ ವಿಮರ್ಶಕರು ಗಮನಿಸಬೇಕು. ಐವತ್ತು ದಾಟಿದ ಗೃಹಿಣಿ ಕ್ಲಾರಿಸಾ, ತಾರುಣ್ಯದಲ್ಲಿ ಸ್ಯಾಲಿ ಸೀಟನ್ ಕೊಟ್ಟ ಒಂದೇ ಒಂದು ಚುಂಬನವನ್ನು ತನ್ನ ಬಾಳಿನ ಪರಮ ಕ್ಷಣವೆಂದು ಸ್ಮರಿಸುವ ಆ ಪುಟಗಳಲ್ಲಿ, ಭೂತಕಾಲವನ್ನು ವರ್ತಮಾನದೊಳಕ್ಕೆ ಹರಿಯಗೊಡುವ ಶೈಲಿಯೇ, ನಡೆಯದೆ ಹೋದ ಬಾಳೊಂದಕ್ಕೆ ಆಶ್ರಯವಿತ್ತಿದೆ. ಹೊರಗಿನ ಘಟನೆಗಳನ್ನೇ ನೆಚ್ಚಿದ ಹಳೆಯ ಕಾದಂಬರಿಯಲ್ಲಿ ಕ್ಲಾರಿಸಾಳ ವಿವಾಹವೇ ಆಕೆಯ ಕಥೆಯಾಗುತ್ತಿತ್ತು. ಸ್ಯಾಲಿಗೆ ಅಲ್ಲಿ ಎಡೆಯೆಲ್ಲಿ?

1928ರ ‘ಆರ್ಲ್ಯಾಂಡೊ’ವನ್ನು ವೀಟಾಳಿಗೆ ಬರೆದ ಸುದೀರ್ಘ ಪ್ರೇಮಪತ್ರವೆಂದು ಕರೆಯುವ ರೂಢಿಯಿದೆ. ಈ ಪ್ರಶಂಸೆ ಕೃತಿಯನ್ನು ಕಿರಿದುಗೊಳಿಸುವುದೆಂದು ನನ್ನ ಭಾವನೆ. ಕೆಂಟ್ ಪ್ರಾಂತದ ನೋಲ್ ಸೌಧದಲ್ಲಿ ಹುಟ್ಟಿ ಬೆಳೆದ ವೀಟಾ, ಏಕಮಾತ್ರ ಸಂತಾನವಾಗಿದ್ದರೂ ಹೆಣ್ಣಾದ ಕಾರಣದಿಂದ ಅದಕ್ಕೆ ಹಕ್ಕುದಾರಳಾಗಲಿಲ್ಲ; 1928ರ ಜನವರಿಯಲ್ಲಿ ತಂದೆ ತೀರಿಕೊಂಡಾಗ ಮನೆ ಚಿಕ್ಕಪ್ಪನ ಪಾಲಾಯಿತು. ವುಲ್ಫಳ ನಾಯಕನೋ ಮೂರು ಶತಮಾನಗಳಿಗೂ ಮೀರಿ ಬಾಳಿ, ಕಾನ್‌ಸ್ಟಾಂಟಿನೋಪಲಿನಲ್ಲಿ ನಿದ್ದೆಯಿಂದೆದ್ದು ಹೆಣ್ಣಾಗಿ, ಆಸ್ತಿಯ ವ್ಯಾಜ್ಯಗಳನ್ನೆದುರಿಸಿ, ಕಡೆಗೂ ತನ್ನ ಮನೆಯಲ್ಲೇ ನೆಲೆಗೊಳ್ಳುವಳು. ನ್ಯಾಯಶಾಸ್ತ್ರ ಕಸಿದುದನ್ನು ಕಲ್ಪನೆ ಹಿಂತಿರುಗಿಸಿತು. ಪ್ರಿಯೆಗೆ ಪ್ರಿಯೆ ಇದಕ್ಕಿಂತ ಘನವಾದುದನ್ನು ಏನು ತಾನೆ ಕೊಡಬಲ್ಲಳು! ಗ್ರಂಥವನ್ನು ಜೀವನಚರಿತ್ರೆಯೆಂದೇ ಕರೆದು ವೀಟಾಳ ಛಾಯಾಚಿತ್ರಗಳನ್ನು ಅದರಲ್ಲಿರಿಸಿದುದು, ಮಹಾಪುರುಷರ ಚರಿತ್ರೆಗಳಿಗೆಂದೇ ಮೀಸಲಾಗಿದ್ದ ಪೀಠದಲ್ಲಿ ಆಕೆಯನ್ನು ಕುಳ್ಳಿರಿಸಿದಂತೆ.

ಆದರೂ ‘ಆರ್ಲ್ಯಾಂಡೊ’ದ ಉಲ್ಲಾಸ ವಿರಹದ ಆಳಕ್ಕೆ ಇಳಿಯಲೊಲ್ಲದು. ಅದಕ್ಕೊಂದು ವರ್ಷ ಮುಂಚೆ ಬಂದ ‘ಟು ದ ಲೈಟ್‌ಹೌಸ್’ ಕಾದಂಬರಿಯಲ್ಲಿ ಚಿತ್ರಕಾರ್ತಿ ಲಿಲಿ ಬ್ರಿಸ್ಕೊ, ಶ್ರೀಮತಿ ರ್‍ಯಾಮ್ಸೆಯ ಮೊಣಕಾಲಿಗೆ ತಲೆಯಾನಿಸಿ ಕುಳಿತು, ಇಬ್ಬರು ಒಂದಾಗುವ ಉಪಾಯವೊಂದು ಪ್ರೇಮಕ್ಕೆ ಸಾಧ್ಯವೇ ಎಂದು ತವಕಿಸುವಳು, ಉತ್ತರ ದೊರೆಯುವುದಿಲ್ಲ. ಶ್ರೀಮತಿ ರ್‍ಯಾಮ್ಸೆ ಗತಿಸಿದ ಮೇಲೆ ಚಿತ್ರವನ್ನು ಪೂರ್ಣಗೊಳಿಸುವುದಷ್ಟೆ ಆಕೆಗೆ ಸಾಧ್ಯ. ಸ್ತ್ರೀಪ್ರೇಮವನ್ನು ಕುರಿತು ವುಲ್ಫ್ ಬರೆದುದರಲ್ಲಿ ಇದೇ ಶ್ರೇಷ್ಠವೆಂದು ನಾನು ನಿಸ್ಸಂಕೋಚವಾಗಿ ಹೇಳುವೆನು.

1928ರಲ್ಲೇ ರ್‍ಯಾಡ್‌ಕ್ಲಿಫ್ ಹಾಲಳ ‘ದ ವೆಲ್ ಆಫ್ ಲೋನ್ಲಿನೆಸ್’ ಈ ಪ್ರೇಮವನ್ನು ನೇರವಾಗಿ ನಿರೂಪಿಸಿ ನ್ಯಾಯಾಲಯದ ಕಟ್ಟೆಯೇರಿತು. ಅದರ ಪರವಾಗಿ ಸಾಕ್ಷ್ಯ ನುಡಿಯಲು ವುಲ್ಫ್ ಸಿದ್ಧಳಾಗಿ ಹೋಗಿದ್ದರೂ, ಸಾಹಿತಿಗಳ ಅಭಿಪ್ರಾಯವನ್ನು ಕೇಳಲೊಪ್ಪದ ನ್ಯಾಯಾಧೀಶ ಸರ್ ಚಾರ್ಟ್ರೆಸ್ ಬೈರನ್ ಪುಸ್ತಕವನ್ನು ನಾಶಪಡಿಸಲು ಆಜ್ಞೆಯಿತ್ತನು. ಆತನನ್ನು ವುಲ್ಫ್ ಮರುವರ್ಷದ ‘ಎ ರೂಮ್ ಆಫ್ ಒನ್ಸ್ ಓನ್’ ಗ್ರಂಥದಲ್ಲಿ, ಪರದೆಯ ಹಿಂದೆ ಅಡಗಿರಬಹುದಾದವನೆಂದು ಸೂಚಿಸಿದ ಬಳಿಕವೇ, ತಾನು ಕಲ್ಪಿಸಿದ ಕಾದಂಬರಿಯೊಂದರಲ್ಲಿ ಕ್ಲೋಯಿಗೆ ಒಲಿವಿಯಾಳೆಂದರೆ ಪ್ರಿಯವೆಂಬ ಮಾತನ್ನೆತ್ತುವಳು. ಅವರಿಬ್ಬರೂ ಒಂದೇ ಪ್ರಯೋಗಶಾಲೆಯಲ್ಲಿ ದುಡಿಯುವವರು. ಪುರುಷನ ಕಣ್ಣಿಗೆ ಪರಸ್ಪರ ಸ್ಪರ್ಧಿಗಳಾಗಿಯೇ ಕಾದಂಬರಿಗಳಲ್ಲಿ ನಿಂತಿದ್ದ ಹೆಂಗಸರನ್ನು, ಒಂದೇ ಕೆಲಸದ ಸಹಭಾಗಿಗಳಾಗಿಯೂ ಪ್ರಿಯರಾಗಿಯೂ ಕಾಣುವ ಈ ದೃಷ್ಟಿ, ವೀಟಾಳೊಡನೆ ಕಳೆದ ವರ್ಷಗಳಿಂದ ವುಲ್ಫ್ ಗಳಿಸಿದ ಧೈರ್ಯದ್ದು. ಅದರ ಹಿಂದಿನ ಕಲೆಯಾದರೋ ಲಿಲಿಯನ್ನೂ ಕ್ಲಾರಿಸಾಳನ್ನೂ ಸೃಷ್ಟಿಸಿದ ಏಕಾಂತದಲ್ಲಿ ಬಲಿತುದು.