ಎಲ್ಲಿ ಕತ್ತರಿಸಿ ಎಲ್ಲಿ ಕೂಡಿಸಬೇಕು

ಎಚ್.ಡಿ. ಕೋಟೆಯ ಹೊಲಗಳಲ್ಲಿ ಬಿತ್ತುವ ಬೋಲ್‌ಗಾರ್ಡ್ ಹತ್ತಿಯ ಒಂದು ಕೀಟನಾಶಕ ಪ್ರೋಟೀನಿಗೆ ಕ್ರೈ1ಎಸಿ ಎಂದು ಹೆಸರು. ನಿಜದಲ್ಲಿ ಅದೊಂದು ಕಸಿ. ಮೊದಲ 466 ಅಮೈನೊ ಆಮ್ಲಗಳು ಕ್ರೈ1ಎಬಿ ಎಂಬ ದಾಯಾದಿಯವು, ಉಳಿದವು ಕ್ರೈ1ಎಸಿಯವು. ಈ ಕುಲದ ಪ್ರೋಟೀನು ಮೂರು ಅಂಕಣದ ಮನೆಯಿದ್ದಂತೆ. ಬೆಸುಗೆ ಬಿದ್ದಿರುವುದು ಎರಡನೆಯ ಮತ್ತು ಮೂರನೆಯ ಅಂಕಣದ ನಡುಗೋಡೆಯ ಬಳಿ.

ಇಂಥ ಜಾಗವನ್ನು ಲೆಕ್ಕ ಹಾಕಿ ಹುಡುಕುವ ತಂತ್ರಾಂಶ ಸ್ಕೀಮಾ. 2002ರಲ್ಲಿ ಕ್ಯಾಲ್‌ಟೆಕ್‌ನ ಫ್ರಾನ್ಸಿಸ್ ಅರ್ನಾಲ್ಡ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಪ್ರೋಟೀನಿನ ಮೂರು ಆಯಾಮದ ರಚನೆಯಲ್ಲಿ ಯಾವ ಅಮೈನೊ ಆಮ್ಲ ಯಾವುದರ ಪಕ್ಕದಲ್ಲಿದೆ ಎಂದು ಅದು ಗುರುತಿಸುತ್ತದೆ. ಒಂದು ಕಡೆ ಕತ್ತರಿಸಿ ದಾಯಾದಿಯ ತುಂಡನ್ನು ಕೂಡಿಸಿದರೆ ಹಳೆಯ ನಂಟುಗಳಲ್ಲಿ ಎಷ್ಟು ಕಡಿದುಹೋಗುತ್ತವೆ ಎಂದು ಎಣಿಸುತ್ತದೆ. ಕಡಿಮೆ ಕಡಿದಷ್ಟೂ ಕಸಿ ಹಿಡಿಯುವ ಸಂಭವ ಹೆಚ್ಚು. ಇಷ್ಟು ಸರಳ ಲೆಕ್ಕ ಫಲ ಕೊಟ್ಟಿದ್ದು ನನಗೆ ಈಗಲೂ ಬೆರಗು. 2006ರಲ್ಲಿ ಮೂರು ಪಿ450 ಕಿಣ್ವಗಳನ್ನು ಎಂಟೆಂಟು ತುಂಡು ಮಾಡಿ ಬೆರೆಸಿದಾಗ, ಸಾಧ್ಯವಿದ್ದ 6,561 ರೂಪಗಳಲ್ಲಿ ಸುಮಾರು 3,000 ಸರಿಯಾಗಿ ಮಡಚಿಕೊಳ್ಳುತ್ತವೆಂದು ಅದೇ ತಂಡ ಅಂದಾಜಿಸಿತು.

ಆದರೆ ಸ್ಕೀಮಾಕ್ಕೆ ಎಲ್ಲ ನಂಟೂ ಒಂದೇ ತೂಕ. ಒಳತಿರುಳಿನ ಬಿಗಿ ಹಿಡಿತವೂ ಮೇಲ್ಮೈಯ ಸಡಿಲ ಸ್ಪರ್ಶವೂ ತಲಾ ಒಂದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ 1989ರಲ್ಲಿ ಬಂದ, ಗಂಧಕದ ಕೊಂಡಿ ಎಲ್ಲಿ ಹಾಕಬಹುದೆಂದು ಹೇಳುವ ಮೋಡಿಪ್ ವಿಧಾನ, ಕೊಂಡಿಯ ಜ್ಯಾಮಿತಿ ನೋಡಿ ದರ್ಜೆ ಕೊಡುತ್ತದೆ. ಆ ವಿವೇಕ ಸ್ಕೀಮಾದಲ್ಲಿ ಕಾಣೆ.

ಇನ್ನೂ ದೊಡ್ಡ ಕೊರತೆ ಹುಳುವಿನದು. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನ ಎಲೆ ತಿನ್ನುವ ಸ್ಪೊಡಾಪ್ಟೆರಾ ಹುಳುವಿಗೆ ಕ್ರೈ1ಎಸಿ ಅಷ್ಟಾಗಿ ತಗಲುವುದಿಲ್ಲ. 1996ರಲ್ಲಿ ಕ್ರೈ1ಎಬಿಯ ಮೂರನೆಯ ಅಂಕಣವನ್ನು ಕ್ರೈ1ಸಿ ಎಂಬ ಮತ್ತೊಂದು ದಾಯಾದಿಯದರೊಂದಿಗೆ ಬದಲಿಸಿದಾಗ ಅದೇ ಕುಲದ ಇನ್ನೊಂದು ಹುಳುವಿನ ಮೇಲೆ ವಿಷದ ಬಲ ಹೆಚ್ಚಿತು. ನಂಟು ಎಣಿಸಿ ಇದನ್ನು ಮುಂಗಾಣಲಾಗದು. ಹುಳುವಿನ ಕರುಳಲ್ಲಿ ಪ್ರೋಟೀನು ಏನನ್ನು ಹಿಡಿಯುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಭಾರತದಲ್ಲಿ ಕ್ರೈ1ಎಸಿಗೆ ಜಗ್ಗದ ಗುಲಾಬಿ ಕಾಯಿಕೊರಕದಲ್ಲಿ ಬದಲಾಗಿದ್ದು ಆ ಹಿಡಿಯೇ, ಕ್ಯಾಡ್‌ಹೆರಿನ್ ಎಂಬ ಕರುಳಿನ ಪ್ರೋಟೀನು.

ಕಸಿ ಹಿಡಿಯುತ್ತದೆಯೇ ಎಂದು ತಿಳಿಯಲು ಸ್ಕೀಮಾವನ್ನು ನಂಬಬಹುದು. ಹೊಲದಲ್ಲಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಎಚ್.ಡಿ. ಕೋಟೆಯ ಕಾಯಿಕೊರಕದ ಕರುಳನ್ನೂ ಲೆಕ್ಕಕ್ಕೆ ಸೇರಿಸಿ ಎಂದು ನಮ್ಮ ತಂತ್ರಾಂಶ ಬರೆಯುವವರಲ್ಲಿ ಕೇಳಿಕೊಳ್ಳುತ್ತೇನೆ.