ಗಾಜಿನೊಳಗಿನ ಗೊಂಬೆ, ಹೊರಗುಳಿದ ಕೈ

ಕಲ್ಲಿನ ವಿಗ್ರಹವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಅದು ಕಳೆದುಕೊಳ್ಳುವುದು ಪೂಜೆಯನ್ನು ಮಾತ್ರ. ನೋಡುವವನಿಗೆ ಅದರ ರೂಪವಾದರೂ ದಕ್ಕುತ್ತದೆ. ಮರದ ಆಟಿಕೆಯ ಮಾತು ಹಾಗಲ್ಲ. ಬುಗುರಿ ತಿರುಗದೆ ಬುಗುರಿಯಲ್ಲ, ಗಿಲಕಿ ಸದ್ದು ಮಾಡದೆ ಗಿಲಕಿಯಲ್ಲ. ಅವುಗಳ ಅರ್ಥ ಅಡಗಿರುವುದು ಹಿಡಿಯುವ ಕೈಯಲ್ಲಿ. ಜನಪದ ಕಲೆಯ ಸಂಗ್ರಹಾಲಯಗಳ ಬಗ್ಗೆ ವಿಮರ್ಶೆ ಎತ್ತಬೇಕಾದ ಮೊದಲ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ: ನಾವು ಕಾಪಾಡುತ್ತಿರುವುದು ವಸ್ತುವನ್ನೋ, ಅದನ್ನು ಮಾಡಿದ ಮತ್ತು ಆಡಿಸಿದ ಕೈಯನ್ನೋ?

ಕನ್ನಡದಲ್ಲಿ ಈ ಕೆಲಸಕ್ಕೆ ಕೈಹಾಕಿದವರ ಶ್ರಮ ಸಣ್ಣದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ರೂಪುಗೊಂಡಿತು. ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಗಳನ್ನು ಸುತ್ತಿ, ಅಟ್ಟ ಸೇರಿದ್ದ, ಒಲೆಗೆ ಹೋಗಲಿದ್ದ ವಸ್ತುಗಳನ್ನು ಕಲೆಹಾಕಿ ತಂದರು. ಆರು ಸಾವಿರಕ್ಕೂ ಹೆಚ್ಚಿನ ಆ ಸಂಗ್ರಹಕ್ಕೆ ನೆಲೆಯಾದದ್ದು ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ, ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಅರಮನೆ. ಹಳ್ಳಿಯ ಸೇರು ಪಾವುಗಳು ಅರಮನೆಯ ಹಜಾರಕ್ಕೆ ಬಂದದ್ದು ಒಂದು ಬಗೆಯ ನ್ಯಾಯವೇ ಸರಿ. ಆದರೆ ಗಾರುಡಿ ಗೊಂಬೆಯನ್ನು ನೆನೆಯಿರಿ. ಆಳು ಒಳಹೊಕ್ಕು ಕುಣಿದಾಗಲೇ ಅದಕ್ಕೆ ಜೀವ. ಒಳಗೆ ಯಾರೂ ಇಲ್ಲದ ಗಾರುಡಿ ಗೊಂಬೆ ಎಷ್ಟೇ ದೊಡ್ಡದಿರಲಿ, ಅದು ಕಳಚಿಟ್ಟ ಅಂಗಿ.

ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದಾಗ ಈ ಕೊರತೆಯ ಅರಿವು ಅವರಿಗೆ ಇತ್ತೆಂದೇ ತೋರುತ್ತದೆ. ಬಯಲು, ರಂಗಮಂದಿರ, ಕಲಾವಿದರ ಮೇಳ, ಇವೆಲ್ಲ ಸೇರಿ ಅದು ಕಟ್ಟಡಕ್ಕಿಂತ ಹೆಚ್ಚಾಗಿ ಒಂದು ಊರಿನಂತೆ ಹರಡಿಕೊಂಡಿತು. ಕುಣಿತಕ್ಕೂ ಹಾಡಿಗೂ ಅಲ್ಲಿ ಮೈ ದೊರೆಯಿತು.

ಕುಣಿತಕ್ಕೆ ದೊರೆತ ಈ ಮನ್ನಣೆ ಕಸುಬಿಗೂ ದೊರೆಯಬೇಡವೇ? ಅಲ್ಲಿಂದ ಹತ್ತು ಮೈಲಿಯೊಳಗೆ ಚನ್ನಪಟ್ಟಣವಿದೆ. ಅಲ್ಲಿಯ ಆಟಿಕೆಯ ಚೆಲುವು ಬಣ್ಣದಲ್ಲಿದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಇರುವುದು ಕೆಲಸದ ಕ್ರಮದಲ್ಲಿ. ದಂತದಂತೆ ಬೆಳ್ಳಗಿನ, ಮೆತ್ತನೆಯ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಚರಕಿಗೆ ಕೊಟ್ಟು ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಬಳಿಕ ಒಣಗಿದ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಇಲ್ಲಿ ಕುಂಚಕ್ಕೆ ಕೆಲಸವಿಲ್ಲ. ಇದನ್ನು ಅರಿಯದೆ ನೋಡಿದವನು ಬಣ್ಣ ಬಳಿದ ಮರವನ್ನು ಕಾಣುತ್ತಾನೆ. ಅರಿತವನು ತಿರುಗುವಿಕೆಯ ಗುರುತನ್ನು ಕಾಣುತ್ತಾನೆ. ಕೊಪ್ಪಳ ಸೀಮೆಯ ಕಿನ್ನಾಳದ ಗೊಂಬೆಯದು ಬೇರೆಯದೇ ಬಗೆ. ಅಲ್ಲಿಯ ಚಿತ್ರಗಾರರು ಹಗುರವಾದ ಪೊಣಿಕೆ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬಿಡಿ ಭಾಗಗಳನ್ನು ಜೋಡಿಸಿ, ಮೇಲೆ ಕುಂಚದಿಂದ ಬಣ್ಣ ತುಂಬುತ್ತಾರೆ. ಒಂದು ಚರಕಿಯ ಕಲೆ, ಇನ್ನೊಂದು ಕುಂಚದ ಕಲೆ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ‘ಮರದ ಗೊಂಬೆಗಳು’ ಎಂದು ಚೀಟಿ ಅಂಟಿಸಿದರೆ ಕಾದಂಬರಿಯನ್ನೂ ನಾಟಕವನ್ನೂ ‘ಪುಸ್ತಕಗಳು’ ಎಂದು ಕರೆದಂತಾಯಿತು.

ತುಡಿಯಲೂರಿನಿಂದ ಮೇಟ್ಟುಪಾಳೆಯಂ ರಸ್ತೆ ಹಿಡಿದು ಕೊಯಮತ್ತೂರಿಗೆ ಬಂದರೆ ಈ ವಿಂಗಡಣೆಯ ಇನ್ನೊಂದು ಮುಖ ಕಾಣುತ್ತದೆ. 1902ರಲ್ಲಿ ಆರಂಭವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯದಲ್ಲಿ ಮರದ ಜಾತಿಗಳ ಮಾದರಿಗಳಿವೆ. ಅದು ಅರಣ್ಯ ಶಾಸ್ತ್ರದ ಮನೆ. ಆಟಿಕೆ ಅಲ್ಲಿ ಇರಬೇಕೆಂದು ಕೇಳುವಂತಿಲ್ಲ. ಆದರೂ ಮರ ಒಂದು ಊರಿನಲ್ಲಿ, ಗೊಂಬೆ ಮತ್ತೊಂದು ಊರಿನಲ್ಲಿ, ಗೊಂಬೆ ಮಾಡುವವನು ಎರಡೂ ಕಡೆ ಇಲ್ಲ ಎಂಬಂತಾಗಿದೆ ನಮ್ಮ ಸಂಗ್ರಹಗಳ ಸ್ಥಿತಿ.

ತುಳುನಾಡಿನ ಮರಗೆಲಸ ಈ ಪ್ರಶ್ನೆಯನ್ನು ಇನ್ನೂ ತೀಕ್ಷ್ಣಗೊಳಿಸುತ್ತದೆ. ಉಡುಪಿ ಸೀಮೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಮರದ ಭೂತ ವಿಗ್ರಹಗಳು ಹಳತಾದಾಗ, 1960ರ ದಶಕದಲ್ಲಿ ಹೊಸವನ್ನು ಮಾಡಿಸಲಾಯಿತು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಅವು ಉಳಿದದ್ದು ಭಾಗ್ಯ. ಆದರೆ ಮಳೆ, ಗೆದ್ದಲುಗಳ ಈ ನಾಡಿನಲ್ಲಿ ಮರ ಎಂದೂ ಶಾಶ್ವತವೆಂದು ಯಾರೂ ನಂಬಿದ್ದಿಲ್ಲ. ಜೀರ್ಣವಾದದ್ದನ್ನು ಬಿಟ್ಟು ಹೊಸದನ್ನು ಕೆತ್ತುವುದೇ ಪದ್ಧತಿ. ವಿಗ್ರಹ ಬದಲಾಗುತ್ತಿತ್ತು, ಕೆತ್ತುವ ವಿದ್ಯೆ ಮಾತ್ರ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಸಂಗ್ರಹಾಲಯ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ವಸ್ತು ಶಾಶ್ವತವಾಯಿತು, ವಿದ್ಯೆಗೆ ಯಾರೂ ಹೊಣೆಯಾಗಲಿಲ್ಲ.

ಹಾಗಾದರೆ ದಾರಿ ಏನು? ನಮ್ಮ ಮಲಯಾಳಿ ಓದುಗರಿಗೆ ಉತ್ತರ ಗೊತ್ತಿದೆ. ಪಾಲಕ್ಕಾಡಿನ ಪರುತ್ತಿಪ್ಪುಳ್ಳಿಯ ಪಾವಕಥಕಳಿ ಹೆಚ್ಚುಕಡಿಮೆ ನಿಂತೇಹೋಗಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಒತ್ತಾಸೆಯಿಂದ, ಇರಿಞಾಲಕುಡದ ನಟನಕೈರಳಿಯ ಜಿ. ವೇಣು ಅವರು 1980ರ ದಶಕದ ಆರಂಭದಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹಳೆಯ ಗೊಂಬೆಗಳನ್ನು ಕಪಾಟಿಗೆ ಸೇರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಅದೇ ಮನೆತನದವರ ಕೈಗೆ ಗೊಂಬೆ ಕೊಟ್ಟು ಆಡಿಸುವುದನ್ನು ಕಲಿಸಿದರು. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಸೂತ್ರದ ಗೊಂಬೆಯನ್ನು ರಂಗದ ಮೇಲೆ ನಡೆಸಿಕೊಂಡು ಬಂದದ್ದೂ ಇದೇ ಜಾತಿಯ ಕೆಲಸ.

ಸಂಗ್ರಹಾಲಯಗಳನ್ನು ಮುಚ್ಚಿ ಎಂದು ನನ್ನ ಮಾತಿನ ಅರ್ಥವಲ್ಲ. ಹಳೆಯ ಮಾದರಿ ಇಲ್ಲದಿದ್ದರೆ ಹೊಸ ಕೈ ಏನನ್ನು ನೋಡಿ ಕಲಿಯಬೇಕು? ಕೇಳುವುದಿಷ್ಟೆ. ಚೀಟಿಯಲ್ಲಿ ಊರಿನ ಹೆಸರಿನ ಜೊತೆಗೆ ಮರದ ಹೆಸರು, ಕಸುಬಿನ ಕ್ರಮ, ತಿಳಿದಿದ್ದರೆ ಮಾಡಿದವನ ಹೆಸರು ಇರಲಿ. ಕಪಾಟಿನ ಪಕ್ಕದಲ್ಲಿ ಒಂದು ಚರಕಿ ತಿರುಗಲಿ, ಅದರ ಮುಂದೆ ಕುಶಲಕರ್ಮಿ ಸಂಬಳದ ಮೇಲೆ ಕೂರಲಿ. ಮೂಲ ವಸ್ತು ಗಾಜಿನೊಳಗೇ ಇರಲಿ, ಅದರ ಪ್ರತಿಯೊಂದು ಮಕ್ಕಳ ಕೈಗೆ ಸಿಗಲಿ. ಆ ಪ್ರತಿ ಮುರಿದರೆ ಮುರಿಯಲಿ. ಇನ್ನೊಂದನ್ನು ಮಾಡುವ ಕೈ ಅಲ್ಲೇ ಇದ್ದರೆ ನಷ್ಟವೇನೂ ಇಲ್ಲ.