ಗಡ್ಡ ಹೋಯಿತು, ಗೇಣಿ ಉಳಿಯಿತು

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ‘ಎನ್.ಆರ್.ಪುರ’ ಎಂಬ ಬೋರ್ಡಿನ ಬಸ್ಸು ಬಂದು ನಿಂತರೆ ಜನ ಹತ್ತುತ್ತಾರೆ, ಹೋಗುತ್ತಾರೆ. ಆ ಎರಡಕ್ಷರ ಯಾರದೆಂದು ಯಾರೂ ಕೇಳುವುದಿಲ್ಲ. 1915ರ ತನಕ ಅದು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ ಊರಿನ ಹೆಸರೇ ಬದಲಾಯಿತು. ಅವರು ಪಟ್ಟವೇರಲೂ ಇಲ್ಲ. 1940ರಲ್ಲಿ ಅಣ್ಣ ನಾಲ್ವಡಿ ಕೃಷ್ಣರಾಜರಿಗಿಂತ ಕೆಲವೇ ತಿಂಗಳು ಮೊದಲು ತೀರಿಕೊಂಡರು. ಆದರೂ ಹೆಸರು ನಿಂತಿತು. ಎಡೇಹಳ್ಳಿ ನರಸಿಂಹರಾಜಪುರವಾದ ಹಿಂದಿನ ವರ್ಷವೇ, ಅಂದರೆ 1914ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಪೆಟ್ರೊಗ್ರಾಡ್ ಆಗಿತ್ತು. ಮುಂದೆ ಅದು ಲೆನಿನ್‌ಗ್ರಾಡ್ ಆಗಿ, 1991ರಲ್ಲಿ ಮತ್ತೆ ಹಳೆಯ ಹೆಸರಿಗೇ ಮರಳಿತು.

ಊರಿಗೆ ಹೊಸ ಹೆಸರಿಡುವುದು ಸಣ್ಣ ಸಂಗತಿ. ಆದರೆ ಅದರ ಹಿಂದೊಂದು ದೊಡ್ಡ ನಂಬಿಕೆ ಇದೆ: ದೊರೆ ಮನಸ್ಸು ಮಾಡಿದರೆ ಸಮಾಜ ಬದಲಾಗುತ್ತದೆ. ನಮ್ಮಲ್ಲಿ ಇದು ಇನ್ನೂ ಜೀವಂತವಾಗಿದೆ. ‘ಒಬ್ಬ ಗಟ್ಟಿ ಮನುಷ್ಯ ಬರಬೇಕು ಕಣ್ರೀ’ ಎಂಬ ಮಾತು ಕೇಳದೆ ಅಡಿಕೆ ಮಂಡಿಯ ಕಟ್ಟೆಯಿಂದ ಎದ್ದು ಬರುವುದು ಕಷ್ಟ. ಆ ನಂಬಿಕೆ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಒಳ್ಳೆಯ ಜಾಗ. ಟಿಪ್ಪುವಿನ ಆಜ್ಞೆ, ಒಡೆಯರ ಆಜ್ಞೆ, ಮಠದ ಜಹಗೀರು ಮೂರನ್ನೂ ಈ ಸೀಮೆ ಕಂಡಿದೆ. ಒರೆಗಲ್ಲಿಗೆ, ಇಂಥ ದೊರೆಗಳಲ್ಲೆಲ್ಲ ಹೆಸರಾದ ರಷ್ಯಾದ ಪೀಟರ್‌ನನ್ನು ಪಕ್ಕದಲ್ಲಿ ಇಟ್ಟುಕೊಳ್ಳೋಣ.

ಪೀಟರ್ 1697–98ರಲ್ಲಿ ಪಶ್ಚಿಮ ಯುರೋಪು ಸುತ್ತಿ, ಹಡಗು ಕಟ್ಟುವುದನ್ನು ಕೈಯಾರೆ ಕಲಿತು ಮಾಸ್ಕೋಗೆ ಮರಳಿದ. ತನ್ನನ್ನು ನೋಡಲು ಬಂದ ಸರದಾರರ ಗಡ್ಡವನ್ನು ತಾನೇ ಕತ್ತರಿಸಿದ. ಆಮೇಲೆ ಗಡ್ಡಕ್ಕೆ ತೆರಿಗೆ ಬಂತು: ದೊಡ್ಡ ವರ್ತಕ ವರ್ಷಕ್ಕೆ 100 ರೂಬಲ್ ಕಟ್ಟಿ, ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಲೋಹದ ಬಿಲ್ಲೆ ಇಟ್ಟುಕೊಳ್ಳಬೇಕು. ಹಳ್ಳಿಯ ರೈತ ಊರಲ್ಲಿ ಗಡ್ಡ ಬಿಟ್ಟುಕೊಂಡಿರಬಹುದು. ಪಟ್ಟಣದ ಬಾಗಿಲು ದಾಟುವಾಗ ಕಾಸು ತೆರಬೇಕು. 1700ರ ಜನವರಿ 1ರಿಂದ ಹೊಸ ವರ್ಷದ ಲೆಕ್ಕ, 1703ರಲ್ಲಿ ಜೌಗು ನೆಲದಲ್ಲಿ ಹೊಸ ನಗರ, 1722ರಲ್ಲಿ ಸರ್ಕಾರಿ ನೌಕರಿಗೆ 14 ದರ್ಜೆಗಳ ಪಟ್ಟಿ. ಹುಟ್ಟು ಏನೇ ಇರಲಿ, ನಾಗರಿಕ ಸೇವೆಯಲ್ಲಿ ಎಂಟನೇ ದರ್ಜೆ ಮುಟ್ಟಿದವನ ಮಕ್ಕಳೂ ಕುಲೀನರು. ಕಾಲು ಶತಮಾನದಲ್ಲಿ ಇಷ್ಟಾಯಿತು ಎಂದರೆ ಬೆರಗಾಗದೆ ಇರಲಾಗದು.

ಇದೇ ಚುರುಕು, ಇದೇ ಆತುರ ಟಿಪ್ಪುವಿನಲ್ಲೂ ಇತ್ತು. ಅವನೂ ಹೊಸ ಪಂಚಾಂಗ ತಂದ, ತೂಕ ಅಳತೆಗಳನ್ನು ಬದಲಿಸಿದ, ರೇಷ್ಮೆ ಹುಳು ತರಿಸಿದ, ಇಸ್ತಾಂಬುಲಿಗೂ ಫ್ರಾನ್ಸಿನ ದೊರೆಯ ಬಳಿಗೂ ರಾಯಭಾರಿಗಳನ್ನು ಕಳಿಸಿದ. ಮೆಣಸು, ಗಂಧದ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಂಡ. ಊರುಗಳಿಗೆ ಹೊಸ ಹೆಸರಿಡುವ ಉತ್ಸಾಹವಂತೂ ವಿಪರೀತ. ದೇವನಹಳ್ಳಿ ಯೂಸುಫಾಬಾದ್ ಆಯಿತು. ಈಗ ಆ ಹೆಸರು ಹೇಳಿದರೆ ದೇವನಹಳ್ಳಿಯವರಿಗೇ ಗೊತ್ತಾಗದು. ಅವನ ಪಂಚಾಂಗವೂ 1799ರ ಮೇ 4ರಂದು ಅವನ ಜೊತೆಗೇ ಮಣ್ಣಾಯಿತು.

ಇಬ್ಬರೂ ಬೇರೆಯಾಗುವುದು ಧರ್ಮಪೀಠದ ಬಾಗಿಲಲ್ಲಿ. ನಾರ್ವಾದಲ್ಲಿ ಸ್ವೀಡನ್ನಿನವರಿಗೆ ಸೋತು ಫಿರಂಗಿ ಕಳೆದುಕೊಂಡ ಪೀಟರ್, ಚರ್ಚುಗಳ ಗಂಟೆಗಳನ್ನು ಕರಗಿಸಿ ಹೊಸ ಫಿರಂಗಿ ಎರಕ ಹೊಯ್ಸಿದ. 1700ರಲ್ಲಿ ಧರ್ಮಗುರು ಏಡ್ರಿಯನ್ ತೀರಿಕೊಂಡಾಗ ಆ ಪೀಠಕ್ಕೆ ಬೇರೊಬ್ಬರನ್ನು ಕೂರಿಸಲೇ ಇಲ್ಲ; 1721ರಲ್ಲಿ ಪೀಠವನ್ನೇ ತೆಗೆದು ಸರ್ಕಾರಿ ಮಂಡಳಿಯೊಂದನ್ನು ಮಾಡಿದ.

ಶೃಂಗೇರಿಯ ಕತೆ ಬೇರೆ. 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿ, ಜನರನ್ನು ಕೊಂದು, ಶಾರದೆಯ ವಿಗ್ರಹವನ್ನು ಪೀಠದಿಂದ ಕದಲಿಸಿ ಹೋಯಿತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಟಿಪ್ಪುವಿಗೆ ಬರೆದರು. ಟಿಪ್ಪು ವಿಗ್ರಹದ ಮರುಪ್ರತಿಷ್ಠೆಗೆ ನಗರ ಸೀಮೆಯ ಅಧಿಕಾರಿಯಾದ ಆಸಫನ ಕೈಯಿಂದ 200 ರಹತಿ ನಾಣ್ಯ ನಗದು, 200 ರಹತಿಯ ಧಾನ್ಯ ಕೊಡಿಸಿದ. ತನ್ನ ಗೆಲುವಿಗಾಗಿ ಚಂಡೀಜಪ ಮಾಡಿಸುವಂತೆ ಕೇಳಿಕೊಂಡ. ಸ್ವಾಮಿಗಳನ್ನು ‘ಜಗದ್ಗುರು’ ಎಂದೇ ಸಂಬೋಧಿಸಿ ಬರೆದ ಆ ಕನ್ನಡ ಕಾಗದಗಳನ್ನು 1916ರಲ್ಲಿ ಮಠದಲ್ಲಿ ಹುಡುಕಿ ಬೆಳಕಿಗೆ ತಂದವರು ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು.

ಈ ಕಾಗದಗಳನ್ನು ಮುಂದಿಟ್ಟುಕೊಂಡು ಟಿಪ್ಪುವನ್ನು ಸಂತನನ್ನಾಗಿ ಮಾಡುವವರೂ ಇದ್ದಾರೆ, ಬರಿಯ ನಾಟಕ ಎಂದು ತಳ್ಳಿಹಾಕುವವರೂ ಇದ್ದಾರೆ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ದಂಡು ಮಾಡಿದ್ದನ್ನು ಈ ಕಾಗದಗಳು ಅಳಿಸುವುದಿಲ್ಲ. ಅದು ನಡೆಯಿತೆಂದು ಈ ಕಾಗದಗಳೂ ಸುಳ್ಳಾಗುವುದಿಲ್ಲ. ನನಗೆ ಕಾಣುವುದು ಇಷ್ಟು: ಕಾರ್ನ್‌ವಾಲಿಸ್, ಮರಾಠರು, ನಿಜಾಮ ಮೂರೂ ಕಡೆಯಿಂದ ಮುತ್ತಿದಾಗ ‘ನಿರಂಕುಶ’ ಎನ್ನಿಸಿಕೊಂಡ ದೊರೆಗೂ ಮಲೆನಾಡಿನ ಒಂದು ಮಠದ ಮಾತು ಬೇಕಾಗಿತ್ತು. ಆಜ್ಞೆ ಎಲ್ಲ ಕಡೆಯೂ ಒಂದೇ ತೂಕದ್ದಲ್ಲ. ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಅದರ ದನಿ ಏರುತ್ತದೆ, ಇಳಿಯುತ್ತದೆ.

ಎದುರಿಗೆ ಯಾರೂ ಇಲ್ಲದ ಕಡೆ ಅದು ಏನು ಮಾಡಿತು? ಅಸಲು ಪ್ರಶ್ನೆ ಇದು. ಸರದಾರನ ಗಡ್ಡ ಬೋಳಿಸಿದ ಪೀಟರ್ ಆ ಸರದಾರನ ಹೊಲದಲ್ಲಿ ದುಡಿಯುವವನ ಕೊರಳ ಹಗ್ಗವನ್ನು ಇನ್ನೂ ಬಿಗಿದ. ಪ್ರತಿ ಗಂಡು ತಲೆಗೆ 74 ಕೊಪೆಕ್ ತೆರಿಗೆ ಹಾಕಿ, ವಸೂಲಿಯ ಹೊಣೆಯನ್ನು ಒಡೆಯನಿಗೇ ಕೊಟ್ಟ. ಒಡೆಯನ ಚೀಟಿ ಇಲ್ಲದೆ ರೈತ ಊರು ಬಿಟ್ಟು ಕದಲುವಂತಿಲ್ಲ ಎಂದು ವಿಧಿಸಿದ. ಉರಾಲ್ ಬೆಟ್ಟಗಳಲ್ಲಿ ಕಬ್ಬಿಣದ ಕಾರ್ಖಾನೆ ಎದ್ದವು; ಕುಲುಮೆಗೆ ಇದ್ದಲು ಸುಡಲು ಸುತ್ತಲ ಹಳ್ಳಿಗಳನ್ನೇ ಕಾರ್ಖಾನೆಗೆ ಬರೆದುಕೊಟ್ಟ. ಇದಕ್ಕೆಲ್ಲ ತಳಪಾಯ ಹಾಕಿದ್ದು ಅವನಪ್ಪ ಅಲೆಕ್ಸಿಯ 1649ರ ಕಾನೂನು. ಓಡಿಹೋದ ರೈತನನ್ನು ಎಷ್ಟು ವರ್ಷದ ಮೇಲಾದರೂ ಹಿಡಿದು ತರಬಹುದು ಎಂದಿತು ಅದು. ಓಡಿಹೋದ ಹುಡುಗಿ ಬೇರೆ ಒಡೆಯನ ಆಳನ್ನು ಮದುವೆಯಾಗಿದ್ದರೆ? ಗಂಡ ಮಕ್ಕಳ ಸಮೇತ ಅವಳನ್ನು ಹಳೆಯ ಒಡೆಯನಿಗೆ ಒಪ್ಪಿಸಬೇಕು.

ಈ ಕೊನೆಯ ವಿಧಿ ಓದಿದಾಗ ನನಗೆ ನೆನಪಾದದ್ದು ರಷ್ಯಾ ಅಲ್ಲ, ‘ಮಲೆಗಳಲ್ಲಿ ಮದುಮಗಳು’. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರಲ್ಲಿ ಹೊರತಂದ ಆ ಕಾದಂಬರಿಯಲ್ಲಿ ಸಿಂಭಾವಿಯ ಗುತ್ತಿ ಬೆಟ್ಟಳ್ಳಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಅಲ್ಲಿ ಪ್ರೇಮ ಇಬ್ಬರದು, ತಕರಾರು ಎರಡು ಮನೆಯ ಒಡೆಯರದು: ಒಂದು ಹಟ್ಟಿಯ ಆಳು ಇನ್ನೊಂದು ಹಟ್ಟಿಗೆ ಹೋದರೆ ಕೆಲಸಕ್ಕೆ ಕೈ ಕಡಿಮೆ. ಕತೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಗೆ. ಆ ಹೊತ್ತಿಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿ ಹತ್ತು ವರ್ಷದ ಮೇಲಾಗಿತ್ತು. ರಷ್ಯಾದಲ್ಲೂ 1861ರಲ್ಲಿ ಜೀತ ರೈತರ ಬಿಡುಗಡೆಯಾಗಿತ್ತು. ನಮ್ಮ ಕಾಡಿನೊಳಗೆ ಬರೆದಿಟ್ಟ ಕಾನೂನೇ ಬೇಕಿರಲಿಲ್ಲ. ಒಡೆಯನ ಮನೆಯ ಜಗಲಿಯೇ ಕಚೇರಿ.

ಮೈಸೂರು ಒಡೆಯರ ಆಳ್ವಿಕೆಯನ್ನು ಪೀಟರ್‌ನ ಸಾಲಿಗೆ ನೂಕುವುದು ತಪ್ಪು. ಅವರ ತಲೆಯ ಮೇಲೆ ಬ್ರಿಟಿಷರಿದ್ದರು, ಎದುರಿಗೆ ಸಭೆ ಇತ್ತು. ತರೀಕೆರೆಯಿಂದ ಎನ್.ಆರ್.ಪುರದ ಕಡೆಗೆ ಎರಡಡಿ ಅಗಲದ ಹಳಿಯ ಮೇಲೆ ಟ್ರಾಂ ಓಡಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದರ ಕುಲುಮೆಗೂ ಮಲೆನಾಡಿನ ಮರವೇ ಇದ್ದಲಾಯಿತು, ಆದರೆ ಯಾವ ಹಳ್ಳಿಯನ್ನೂ ಕಾರ್ಖಾನೆಗೆ ಬರೆದುಕೊಡಲಿಲ್ಲ, ಕೂಲಿ ಕೊಟ್ಟು ಕೆಲಸ ಮಾಡಿಸಿದರು. ಇನ್ನೊಂದು ಮಾತು ಮುಖ್ಯ. ಹಿಂದುಳಿದ ಸಮುದಾಯಗಳಿಗೆ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದ್ದು ಅರಮನೆಯಲ್ಲಿ ಹೊಳೆದ ಯೋಚನೆಯಿಂದಲ್ಲ; ಆ ಸಮುದಾಯದವರು ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ಕೇಳಿದ್ದರಿಂದ. ಪೀಟರ್‌ನ 14 ದರ್ಜೆಯ ಪಟ್ಟಿ ಮೇಲಿನಿಂದ ಇಳಿದು ಬಂತು; ಇದು ಕೆಳಗಿನಿಂದ ಹತ್ತಿತು.

ಆದರೂ ಭೂಮಿಯ ಹತ್ತಿರ ಬಂದಾಗ ಮೈಸೂರೂ ನಿಂತುಬಿಟ್ಟಿತು. ಮಲೆನಾಡಿನಲ್ಲಿ ಗದ್ದೆ ಒಬ್ಬನದು, ನೇಗಿಲು ಇನ್ನೊಬ್ಬನದು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಒಡೆಯನ ಅಂಗಳಕ್ಕೆ ಬರಬೇಕು. ಅಲ್ಲಿ ಅಳೆಯುವ ಕೊಳಗ ಒಡೆಯನದೇ. ನೆರೆಯ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಎದ್ದುನಿಂತದ್ದು ಮೊದಲಿಗೆ ಈ ಕೊಳಗಕ್ಕಾಗಿ: ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಅವರ ದೂರು. ಟಿಪ್ಪು ರಾಜ್ಯದ ಅಳತೆಗಳನ್ನೆಲ್ಲ ಬದಲಿಸಿ ನೂರೈವತ್ತು ವರ್ಷದ ಮೇಲಾಗಿತ್ತು. ಆ ಆಜ್ಞೆಗೆ ಒಡೆಯನ ಅಂಗಳದ ತಡಮೆ ದಾಟಲಾಗಿರಲಿಲ್ಲ.

ಕಾನೂನು ಅದನ್ನು ದಾಟಿದ್ದು ಕಾಗೋಡಿನ ಚಳವಳಿಯ ಆಮೇಲೆ. 1955ರ ಕಾಯಿದೆ ಧಾರ್ಮಿಕ ಇನಾಮುಗಳನ್ನು ರದ್ದು ಮಾಡಿತು. ಶತಮಾನಗಳಿಂದ ಬಂದ ಶೃಂಗೇರಿಯ ಜಹಗೀರೂ ಹೀಗೇ ಮುಗಿಯಿತು. ರಷ್ಯಾದಲ್ಲಿ ರಾಣಿ ಕ್ಯಾಥರಿನ್ 1764ರಲ್ಲಿ ಮಠಗಳ ಭೂಮಿ ಕಿತ್ತುಕೊಂಡಾಗ ಅದು ಸೇರಿದ್ದು ಖಜಾನೆಗೆ; ಇಲ್ಲಿ ಉಳುವವನ ಹೆಸರಿಗೆ ಬರುವ ದಾರಿಯೊಂದು ತೆರೆಯಿತು. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿ, 1974ರ ಮಾರ್ಚ್ 1. ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯ ಮಂಡಳಿಗೆ ಕೊಟ್ಟರೆ ಅದು ಅವನದು. ಮಲೆನಾಡಿನಲ್ಲಿ ಇದಕ್ಕೆ ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಾರೆ. ಅದೇ ಒಡೆಯನ ಮನೆಯಲ್ಲಿ ಉಂಡು, ಮದುವೆಗೆ ಸಾಲ ತಂದು, ಅವನೆದುರು ಜಗಲಿಯ ಕೆಳಗೆ ನಿಂತೇ ಅಭ್ಯಾಸವಾದವನು ಆ ಒಂದು ಹಾಳೆಗೆ ಹೆಬ್ಬೆಟ್ಟು ಒತ್ತುವುದೆಂದರೆ ಸುಲಭವಲ್ಲ. ಒತ್ತಿದವರು ಒಡೆಯರಾದರು. ಅಂಜಿ ಹಿಂದೆ ಸರಿದವರು ಒಕ್ಕಲಾಗಿಯೇ ಉಳಿದರು.

ಈ ಕಾನೂನೂ ನಿರ್ದೋಷಿಯಲ್ಲ. ತಾವೇ ಉಳಲಾಗದೆ ತುಂಡು ಗದ್ದೆ ಗೇಣಿಗೆ ಕೊಟ್ಟು ಬದುಕಿದ್ದ ವಿಧವೆಯರೂ ಬಡ ಪುರೋಹಿತರೂ ಅನ್ನದ ದಾರಿ ಕಳೆದುಕೊಂಡರು. ಕಾಫಿ ತೋಟಗಳಿಗೆ ಭೂಮಿತಿ ತಾಗಲಿಲ್ಲ. ನೂರಾರು ಎಕರೆ ಹಾಗೇ ಉಳಿದವು. ಗೇಣಿಯೂ ಇಲ್ಲದ ಕೂಲಿಯವನಿಗೆ, ಗುತ್ತಿಯ ಮೊಮ್ಮಕ್ಕಳಿಗೆ, ಫಾರಂ ತುಂಬಲು ಭೂಮಿಯೇ ಇರಲಿಲ್ಲ. ಅವರಿಗೆ ಸಿಕ್ಕಿದ್ದು 1976ರ ಜೀತವಿಮುಕ್ತಿ ಕಾಯಿದೆ: ಹಗ್ಗ ಬಿಚ್ಚಿತು, ನೆಲ ಕೊಡಲಿಲ್ಲ. 1861ರಲ್ಲಿ ಬಿಡುಗಡೆಯಾದ ರಷ್ಯಾದ ರೈತ, ತಾನೇ ಉಳುತ್ತಿದ್ದ ನೆಲಕ್ಕೆ ದಶಕಗಟ್ಟಲೆ ಕಂತು ಕಟ್ಟಿದ್ದನ್ನು ನೆನೆದರೆ ಈ ಅರೆಬರೆ ನ್ಯಾಯ ನಮ್ಮಲ್ಲಿ ಮಾತ್ರವಲ್ಲ ಎಂದು ತಿಳಿಯುತ್ತದೆ.

ಹಾಗಾದರೆ ನಿರಂಕುಶ ದೊರೆಗಳು ಏನೂ ಬದಲಿಸಲಿಲ್ಲವೇ? ಬದಲಿಸಿದರು. ಪೀಟರ್ ಇಲ್ಲದಿದ್ದರೆ ರಷ್ಯಾಕ್ಕೆ ಬಾಲ್ಟಿಕ್ ಕಡಲು ಸಿಗುತ್ತಿತ್ತೋ ಇಲ್ಲವೋ. ಟಿಪ್ಪುವಿನ ರೇಷ್ಮೆಯಿಂದ ಇಂದಿಗೂ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ. ಕಣ್ಣಿಗೆ ಕಾಣುವುದನ್ನು ಆಜ್ಞೆ ಬೇಗ ಬದಲಿಸುತ್ತದೆ: ಗಡ್ಡ, ಅಂಗಿ, ಪಂಚಾಂಗ, ನಗರ, ಹಳಿ. ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಉಣ್ಣುವ ಏರ್ಪಾಡನ್ನು ಅದು ಮುಟ್ಟುವುದಿಲ್ಲ. ಏಕೆಂದರೆ ಆಜ್ಞೆಯನ್ನು ಹಳ್ಳಿಗೆ ತಲುಪಿಸುವವನು, ತೆರಿಗೆ ಎತ್ತಿ ಕೊಡುವವನು ಅದೇ ಒಡೆಯ. ಅವನ ಭುಜದ ಮೇಲೆ ಕೂತ ದೊರೆ ಅವನ ಕಾಲು ಮುರಿಯಲಾರ.

ಎಡೇಹಳ್ಳಿಯ ಹೆಸರು ಬದಲಾಗಲು ಒಂದು ಆಜ್ಞೆ ಸಾಕಾಯಿತು. ಅಲ್ಲಿನ ಗದ್ದೆಗಳ ಪಹಣಿಯಲ್ಲಿ ಹೆಸರು ಬದಲಾಗಲು ಒಕ್ಕಲಿನವನೇ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು.